ಮೂವತ್ತಮೂರು ಪದ್ಯದ ಹೊತ್ತು

ಜುರೈಬದ ಬಿಸಿನೀರಿನ ಕೊಳದಲ್ಲಿ ಹೊತ್ತನ್ನು ಅಳೆಯುತ್ತಿದ್ದುದು ಪದ್ಯದಿಂದ. ಗಡಿಯಾರ ಕಟ್ಟಿಕೊಂಡು ಒಳಗೆ ಹೋದವರ ಗಡಿಯಾರ ಆವಿಗೆ ಮಂಕಾಗಿ ಎರಡೇ ದಿನಕ್ಕೆ ನಿಂತುಹೋಗುತ್ತಿತ್ತು. ಪದ್ಯಕ್ಕೆ ಆ ತೊಂದರೆ ಇರಲಿಲ್ಲ. ಮೂವತ್ತಮೂರು ಪದ್ಯಗಳ ಆ ಪ್ರಾರ್ಥನೆ ಯೆಮೆನಿನ ಆ ಬೆಟ್ಟಸೀಮೆಯ ಮಕ್ಕಳಿಗೆಲ್ಲ ತಾಯಿಯ ಹಾಲಿನ ಜೊತೆಗೇ ಇಳಿದು ಬಂದದ್ದು. ಕೊಳದ ಯಜಮಾನ ಹಾಜಿ ಮುತಹ್ಹರ್ ಮೆಟ್ಟಿಲ ಮೇಲೆ ಕೂತು ನಿಧಾನವಾಗಿ ಒಂದೊಂದು ಪದ್ಯ ಹೇಳುತ್ತಿದ್ದ. ಪ್ರತಿ ಪದ್ಯದ ಕೊನೆಗೆ ನೀರಿನಲ್ಲಿದ್ದವರು ಒಟ್ಟಾಗಿ "ಯಾ ಲತೀಫ್" ಎಂದು ದಯಾಮಯನನ್ನು ಕರೆಯುತ್ತಿದ್ದರು. ಯಾರು ಎಷ್ಟನೆಯ ಪದ್ಯಕ್ಕೆ ಎದ್ದರು ಎನ್ನುವುದೇ ಅಲ್ಲಿಯ ಲೆಕ್ಕ.

ಕೊಳಗಳು ಎರಡು. ಹೊರಗಿನದು ಉಗುರುಬೆಚ್ಚಗೆ, ಅದಕ್ಕೆ ಸೊಸೆ ಎಂದು ಹೆಸರು. ಗುಮ್ಮಟದ ಒಳಗಿನದು ನೆಲದಿಂದ ನೇರ ಕುದಿಕುದಿ ಬರುವಂಥದ್ದು, ಅದು ಅತ್ತೆ. ಕೀಲುನೋವಿನವರು, ಕಾಲಿನ ಕಾಯಿಲೆಯವರು ಅತ್ತೆಯ ಕಟ್ಟೆಯ ಮೇಲೆ ಕೂತು ಮೊಣಕಾಲಿನ ತನಕ ಇಳಿಬಿಡುತ್ತಿದ್ದರು. ಗಟ್ಟಿಗನಾದರೆ ಏಳು ಪದ್ಯ, ಹಟಮಾರಿಯಾದರೆ ಹನ್ನೊಂದು. ಅದಕ್ಕಿಂತ ಹೆಚ್ಚು ಕೂತವರ ಹೆಸರನ್ನು ಜನ ವರ್ಷಗಟ್ಟಲೆ ಹೇಳುತ್ತಿದ್ದರು.

ತಕಿಯಾ ತನ್ನ ಗಂಡ ಹಿಝಾಮನನ್ನು ಅಲ್ಲಿಗೆ ಕರೆದುಕೊಂಡು ಬಂದದ್ದು ಅವನ ಎಡಗಾಲನ್ನು ಉಳಿಸಿಕೊಳ್ಳಲು. ಹಿಝಾಮ್ ಕಲ್ಲು ಕಟ್ಟುವವನು. ಅವರ ಊರು ಇದ್ದದ್ದು ಕಡಿದಾದ ಬಂಡೆಯ ನೆತ್ತಿಯ ಮೇಲೆ. ಕೆಳಗಿನ ಸಂತೆಯಿಂದ ಮನೆಗೆ ಮುನ್ನೂರ ಹನ್ನೆರಡು ಮೆಟ್ಟಿಲು, ಬೇರೆ ದಾರಿಯಿಲ್ಲ. ಆ ಮೆಟ್ಟಿಲುಗಳಲ್ಲಿ ಅರ್ಧದಷ್ಟನ್ನು ಮಳೆ ಕಿತ್ತಾಗಲೆಲ್ಲ ಮತ್ತೆ ಕೂರಿಸಿದವನು ಅವನೇ. ಸಕ್ಕರೆ ಕಾಯಿಲೆ ಬಂದು ಆರು ವರ್ಷವಾಗಿತ್ತು. ಈಗ ಎಡಗಾಲಿನ ಎರಡು ಬೆರಳು ಕಪ್ಪಾಗಿದ್ದವು. ಪಟ್ಟಣದ ವೈದ್ಯರು ಎರಡು ಬೆರಳು ತೆಗೆದರೆ ಪಾದ ಉಳಿಯುತ್ತದೆ ಎಂದಿದ್ದರು. "ಬೆರಳಿಲ್ಲದ ಕಾಲು ಗೋಡೆ ಮೇಲೆ ನಿಲ್ಲಲ್ಲ," ಎಂದು ಹಿಝಾಮ್ ಎದ್ದು ಬಂದಿದ್ದ. ಪಕ್ಕದ ಮನೆಯವರು ಜುರೈಬದ ಹೆಸರು ಹೇಳಿದರು. ಹಾಸಿಗೆ, ಹಿಟ್ಟು, ತುಪ್ಪ, ಜೇನು ಕಟ್ಟಿಕೊಂಡು, ಮೈದುನ ಶಾಯಿಫನನ್ನು ಜೊತೆಗೆ ಕರೆದುಕೊಂಡು, ಬಾಡಿಗೆ ಪಿಕಪ್ಪಿನ ಹಿಂಬದಿಯಲ್ಲಿ ಒಂದು ಹಗಲೆಲ್ಲ ಕುಲುಕಿಕೊಂಡು ಬಂದರು.

ಬಾಗಿಲಲ್ಲಿ ಮುತಹ್ಹರನ ತಾಯಿ, ಮಗನ ಹಾಗೆಯೇ ಹಜ್ ಮಾಡಿ ಬಂದ ಹಜ್ಜಾ ವರ್ದಾ ಕೂತಿದ್ದಳು. ಕೋಣೆಗಳ ಬೀಗದ ಕೈ ಅವಳ ಸೊಂಟದಲ್ಲಿ. ಬಂದವರನ್ನೆಲ್ಲ ವಿಚಾರಿಸದೆ ಒಳಗೆ ಬಿಡುತ್ತಿರಲಿಲ್ಲ.

"ಎದೆ ಬಡಿತ ಸರಿ ಇದೆಯಾ? ತಲೆ ಸುತ್ತು?"

"ಏನೂ ಇಲ್ಲ ಹಜ್ಜಾ."

"ಕಾಲಿಗೆ ಬಿಸಿ, ತಣ್ಣಗೆ ಗೊತ್ತಾಗುತ್ತಾ? ಗೊತ್ತಾಗದವರನ್ನ ಅತ್ತೆ ಹತ್ರ ಬಿಡಲ್ಲ ನಾನು. ಸೊಸೆ ಜೊತೆ ಕೂತು ಹರಟೆ ಹೊಡ್ಕೊಂಡು ಹೋಗ್ಬೇಕು, ಅಷ್ಟೇ."

ಹಿಝಾಮ್ ಕೋಲನ್ನು ಒಂದು ಕೈಯಿಂದ ಇನ್ನೊಂದಕ್ಕೆ ಬದಲಿಸಿದ. "ಅಲ್ಲಾಹನಿಗೆ ಸ್ತುತಿ, ಹಜ್ಜಾ," ಎಂದ.

ವರ್ದಾ ತಕಿಯಾಳ ಕಡೆ ತಿರುಗಿದಳು. "ಗಂಡಸರ ಮಾತು ಬಿಡು. ನೀನು ಹೇಳು ಮಗಳೇ. ಕಾಲು ತೊಳೆಯೋಳು ನೀನು."

ತಕಿಯಾಳಿಗೆ ಗೊತ್ತಿತ್ತು. ಹೋದ ಚಳಿಗಾಲ ಅವನು ಒಂದೇ ಕಾಲಿಗೆ ಚಪ್ಪಲಿ ಹಾಕಿಕೊಂಡು ಮನೆಗೆ ಬಂದಿದ್ದ. ಇನ್ನೊಂದು ಎಲ್ಲಿ ಬಿತ್ತೆಂದು ಅವನಿಗೇ ತಿಳಿದಿರಲಿಲ್ಲ. ಇನ್ನೊಮ್ಮೆ ಒಲೆಯಿಂದ ಹಾರಿದ ಕೆಂಡ ಅವನ ಪಾದದ ಮೇಲೆ ಬಿದ್ದು, ಮಾಂಸ ಸುಟ್ಟ ವಾಸನೆ ಮೂಗಿಗೆ ಬಡಿದ ಮೇಲೆ ಅವಳೇ ಓಡಿ ಬಂದು ತೆಗೆದಿದ್ದಳು. ಆಗ ಅವನು ಕೇಳಿಕೊಂಡಿದ್ದ: ಯಾರಿಗೂ ಹೇಳಬೇಡ. ಕಾಲಿನ ಕೆಳಗೆ ಕಲ್ಲು ಅಲ್ಲಾಡಿದ್ದು ತಿಳಿಯದವನಿಗೆ ಗೋಡೆ ಕಟ್ಟಲು ಯಾರು ಕರೆಯುತ್ತಾರೆ?

ಈಗಲೂ ಅವನು ಅವಳನ್ನೇ ನೋಡುತ್ತಿದ್ದ.

"ಸ್ತುತಿಯೆಲ್ಲ ಅವನಿಗೇ, ಅಜ್ಜಿ," ಎಂದಳು ತಕಿಯಾ.

ಆ ಮಾತು ಬಂದ ಮೇಲೆ ಇನ್ನೊಮ್ಮೆ ಕೇಳುವ ರೂಢಿ ಆ ಸೀಮೆಯಲ್ಲಿ ಇಲ್ಲ. ಕೇಳಿದರೆ ದೇವರ ಸ್ತುತಿ ನನಗೆ ಸಾಲದು ಎಂದ ಹಾಗೆ. "ಅವನಿಗೇ," ಎಂದು ವರ್ದಾ ಸೊಂಟದಿಂದ ಬೀಗದ ಕೈ ಬಿಚ್ಚಿ ಕೊಟ್ಟಳು.

ಕೊಳದ ಸೇವೆ ಏಳು ದಿನದ್ದು. ಬೆಳಿಗ್ಗೆ ಗಂಡಸರ ಸರದಿ, ಮಧ್ಯಾಹ್ನದ ನಮಾಜಿನ ನಂತರ ಹೆಂಗಸರದ್ದು. ನೀರಿನಿಂದ ಎದ್ದ ಕೂಡಲೇ ಕಾಲಿಗೆ ತುಪ್ಪ ಸವರಿ ಉಣ್ಣೆಬಟ್ಟೆ ಸುತ್ತಬೇಕು. ಮರುದಿನ ಕೊಳದ ಒಳಗೇ ಬಿಚ್ಚಬೇಕು. ಏಳು ದಿನ ಮುಗಿಯುವ ತನಕ ಆ ಅಂಗಕ್ಕೆ ಹೊರಗಿನ ಗಾಳಿ ಸೋಕಬಾರದು, ಸೋಕಿದರೆ ಲೆಕ್ಕ ಮತ್ತೆ ಒಂದರಿಂದ. ಹಾಗಾಗಿ ಮೂವತ್ತು ವರ್ಷ ಗಂಡನ ಕಾಲು ತೊಳೆದ ಹೆಂಗಸು ಅಲ್ಲಿ ಆ ಕಾಲನ್ನು ನೋಡಲಿಲ್ಲ. ಅವಳು ಕೇಳಿಸಿಕೊಂಡಳು, ಅಷ್ಟೇ.

ಬೆಳಿಗ್ಗೆ ಹೆಂಗಸರು ಮಾಳಿಗೆಯ ಮೇಲೆ ಬಟ್ಟೆ ಒಣಗಿಸುತ್ತ, ಕಾಳು ಆರಿಸುತ್ತ ಕೂತಿರುತ್ತಿದ್ದರು. ಅತ್ತೆಯ ಗುಮ್ಮಟ ಆ ಮಾಳಿಗೆಯ ನಡುವೆ ಮೇಲೆದ್ದಿತ್ತು. ಅದರ ತುಂಬ ಮುಷ್ಟಿಗಾತ್ರದ ತೂತುಗಳು. ಒಳಗಿನ ಆವಿಯೂ ಮಾತೂ ಅಲ್ಲಿಂದಲೇ ಹೊರಗೆ ಬರುತ್ತಿದ್ದವು. ತಕಿಯಾ ಒಂದು ತೂತಿನ ಪಕ್ಕ ಜಾಗ ಹಿಡಿದು, ಮಡಿಲಲ್ಲಿ ಮೂವತ್ತಮೂರು ಕಡಲೆಕಾಳು ಇಟ್ಟುಕೊಂಡಳು. ಪದ್ಯ ಮುಗಿದಂತೆ ಒಂದೊಂದನ್ನು ಎಡದಿಂದ ಬಲಕ್ಕೆ ಸರಿಸಿದಳು. ಏಳಕ್ಕೆ ನೀರು ಕಲಕಿದ ಸದ್ದಾಯಿತು; ಯಾರೋ ನರಳುತ್ತ ಎದ್ದರು. ಅದು ಹಿಝಾಮನ ನರಳಿಕೆಯಲ್ಲ. ಹನ್ನೆರಡನೆಯದಕ್ಕೆ ಮುತಹ್ಹರ್ ನಿಲ್ಲಿಸಿ, "ಸಾಕು ಅಣ್ಣ, ಮೊದಲನೇ ದಿನ," ಎಂದದ್ದು ಕೇಳಿಸಿತು.

ಶಾಯಿಫ್ ಮೈಯೆಲ್ಲ ಕೆಂಪಾಗಿ ಹೊರಗೆ ಬಂದ. "ಅತ್ತಿಗೆ, ನಾನು ನಾಲ್ಕಕ್ಕೇ ಎದ್ದು ಓಡಿದೆ. ಅತ್ತೆ ಅಂದ್ರೆ ಅತ್ತೆನೇ, ಹೆಸರಿಟ್ಟೋನಿಗೆ ಅನುಭವ ಇರ್ಬೇಕು. ಅಣ್ಣ ನೋಡು, ಕೂರಿಸಿದ ಕಲ್ಲು ಕೂತ ಹಾಗೆ ಕೂತಿದ್ದ. ಕಣ್ರೆಪ್ಪೆ ಅಲ್ಲಾಡಲಿಲ್ಲ."

"ಹೇಗಿದೆ ಅಂದ್ರು?"

"ಅಲ್ಲಾಹನಿಗೆ ಸ್ತುತಿ ಅಂದ."

ಎರಡನೆಯ ದಿನ ಹದಿನೇಳು. ಮೂರನೆಯ ದಿನ ಇಪ್ಪತ್ತಮೂರು. ಅಷ್ಟು ಹೊತ್ತಿಗೆ ಜುರೈಬದಲ್ಲಿ ಹಿಝಾಮ್ ಯಾರೆಂದು ತಿಳಿಯದವರಿರಲಿಲ್ಲ. ಅವನು ಒಳಗೆ ಹೋದರೆ ಕಟ್ಟೆಯ ಮೇಲೆ ಜಾಗ ಬಿಡುತ್ತಿದ್ದರು. ಯಾರದೋ ಮನೆಯಿಂದ ಜೇನು ಸುರಿದ ರೊಟ್ಟಿ ಬಂತು, ಇನ್ನು ಯಾರದೋ ಮನೆಯಿಂದ ಮಾಂಸದ ಸಾರು. ಕಾಯಿಲೆ ಬಿದ್ದಾಗಿನಿಂದ ಎಲ್ಲರ ಕರುಣೆ ತಿಂದು ಕುಗ್ಗಿದ್ದ ಮನುಷ್ಯ ಬೆನ್ನು ನೆಟ್ಟಗೆ ಮಾಡಿ ಕೂತ. ಶುಂಠಿ ಹಾಕಿದ ಕಾಫಿಸಿಪ್ಪೆಯ ಕಷಾಯ ಕುಡಿಯುತ್ತ ಅವನು ಎರಡು ವರ್ಷದಲ್ಲಿ ಆಡದಷ್ಟು ಮಾತು ಆಡಿದ.

"ಬೆರಳ ಸುತ್ತ ಕೆಂಪಾಗಿದೆ ಅಂತ ಮುತಹ್ಹರ್ ಹೇಳಿದ. ಕೆಂಪು ಅಂದ್ರೆ ರಕ್ತ. ರಕ್ತ ಬಂತು ಅಂದ್ರೆ ಜೀವ ಬಂತು ಅಂತ."

"ನಿಮಗೆ..." ತಕಿಯಾ ಬಾಗಿಲ ಕಡೆ ನೋಡಿ ದನಿ ತಗ್ಗಿಸಿದಳು. "ಬಿಸಿ ಗೊತ್ತಾಗುತ್ತಾ? ಒಂಚೂರಾದ್ರೂ?"

ಅವನು ಕಷಾಯದ ಬಟ್ಟಲನ್ನು ಕೈಯಲ್ಲಿ ತಿರುಗಿಸಿದ. "ಮೊಣಕಾಲ ಹತ್ರ ಗೊತ್ತಾಗುತ್ತೆ," ಎಂದ. ಆಮೇಲೆ, "ಮೇಲಿಂದ ಕೆಳಗೆ ಇಳಿಯುತ್ತೆ. ಇಳಿಯೋಕೆ ಹೊತ್ತು ಬೇಕಲ್ಲ. ಅದಕ್ಕೇ ಕೂರ್ತೀನಿ."

ಅವಳು ನಂಬಿದಳು. ನಂಬದೆ ಇದ್ದರೆ ಎದ್ದು ವರ್ದಾಳ ಹತ್ತಿರ ಹೋಗಬೇಕಿತ್ತು. ಹೋಗಿದ್ದರೆ ಅಷ್ಟು ಜನರ ಮುಂದೆ ಅವನನ್ನು ಸೊಸೆಯ ಕೊಳಕ್ಕೆ ಕಳಿಸುತ್ತಿದ್ದರು. ನೆಟ್ಟಗಾಗಿದ್ದ ಆ ಬೆನ್ನನ್ನು ಅವಳು ಒಮ್ಮೆ ನೋಡಿ, ಒಲೆಗೆ ಇನ್ನೊಂದು ಕಟ್ಟಿಗೆ ಹಾಕಿದಳು.

ನಾಲ್ಕನೆಯ ದಿನ ಇಪ್ಪತ್ತೆಂಟು.

ಐದನೆಯ ದಿನ ಮಾಳಿಗೆಯ ಮೇಲೆ ಯಾರೂ ಕಾಳು ಆರಿಸಲಿಲ್ಲ. ಹೆಂಗಸರೆಲ್ಲ ಗುಮ್ಮಟದ ಸುತ್ತ ಬಂದು ಕೂತರು. ಕೆಳಗೆ ಮುತಹ್ಹರನ ದನಿ ಎಂದಿಗಿಂತ ಗಂಭೀರವಾಗಿತ್ತು. ಹದಿನೈದು. ಹದಿನೆಂಟು. ತಕಿಯಾಳ ತುಟಿಯೂ ಜೊತೆಯಲ್ಲೇ ಅಲ್ಲಾಡುತ್ತಿತ್ತು. ಇಪ್ಪತ್ತೊಂದನೆಯದು ಅವಳ ತಾಯಿಗೆ ಪ್ರಿಯವಾದದ್ದು, ಹುಣ್ಣಿನಲ್ಲಿ ಬೆಂದೂ ತಾಳ್ಮೆಗೆಡದೆ, ದೇವರು ಕಾಲ ಬುಡದಲ್ಲಿ ಚಿಮ್ಮಿಸಿದ ಬುಗ್ಗೆಯಲ್ಲಿ ಮಿಂದು ವಾಸಿಯಾದ ಹಳೆಯ ಪ್ರವಾದಿಯ ಪದ್ಯ:

*ಹುಣ್ಣು ಹೊತ್ತ ದಾಸನು ಹಿಮ್ಮಡಿಯಲಿ ನೆಲವ ಮುಟ್ಟಲು*
*ತಣ್ಣೀರಿನ ಬಾಗಿಲನ್ನು ತೆರೆದು ಕೊಟ್ಟ ದೊರೆಯೆ.*

"ಯಾ ಲತೀಫ್," ಎಂದಿತು ಕೆಳಗಿನ ಕೊಳ. "ಯಾ ಲತೀಫ್," ಎಂದರು ಮೇಲಿನ ಹೆಂಗಸರು. ಮೂವತ್ತು. ಮೂವತ್ತೊಂದು. ತಕಿಯಾ ಕೊನೆಯ ಕಾಳನ್ನು ಬಲಕ್ಕೆ ಸರಿಸುವಾಗ ಅದು ಮಡಿಲಿಂದ ಉರುಳಿ ತೂತಿನೊಳಗೆ ಬಿತ್ತು.

ಮುತಹ್ಹರನ ತಂದೆಯ ಕಾಲದ ನಂತರ ಇಡೀ ಪ್ರಾರ್ಥನೆ ಕೂತವರು ಯಾರೂ ಇರಲಿಲ್ಲ. ಗಂಡಸರು ಹಿಝಾಮನನ್ನು ಎಬ್ಬಿಸಿ ಹಣೆಗೆ ಮುತ್ತಿಟ್ಟರು. ವಾಸಿಯಾದವರು ಕೋಲನ್ನು ಹೊರಬಾಗಿಲ ಗೋಡೆಗೆ ತೂಗುಹಾಕಿ ಹೋಗುವುದು ಅಲ್ಲಿಯ ಪದ್ಧತಿ. ಹಿಝಾಮ್ "ಇನ್ನೂ ಎರಡು ದಿನ ಇದೆ" ಎನ್ನುತ್ತಿದ್ದ ಹಾಗೇ ಯಾರೋ ಅವನ ಕೈಯಿಂದ ಕೋಲು ತೆಗೆದುಕೊಂಡು ಮೊಳೆಗೆ ಸಿಕ್ಕಿಸಿಬಿಟ್ಟರು. ಅವನು ಕೋಲಿಲ್ಲದೆ, ತಮ್ಮನ ಹೆಗಲನ್ನೂ ಹಿಡಿಯದೆ, ಅಂಗಳದಲ್ಲಿ ನಲವತ್ತು ಹೆಜ್ಜೆ ನಡೆದು ಕೋಣೆಗೆ ಬಂದ. ತಕಿಯಾ ಮಾಳಿಗೆಯ ಮೇಲಿದ್ದ ಹೆಂಗಸರಿಗೆಲ್ಲ ಒಣದ್ರಾಕ್ಷಿ ಹಂಚಿದಳು.

ಆರನೆಯ ದಿನ ಬೆಳಿಗ್ಗೆ ಅವನು ಏಳಲಿಲ್ಲ. ಮೈ ಬೆಂಕಿಯಾಗಿತ್ತು, ಹಲ್ಲು ಕಟಕಟ ಎನ್ನುತ್ತಿತ್ತು.

"ಕಾಯಿಲೆ ಮೈ ಬಿಟ್ಟು ಹೋಗ್ತಿದೆ ಅತ್ತಿಗೆ," ಎಂದ ಶಾಯಿಫ್. "ಹೋಗೋವಾಗ ಸ್ವಲ್ಪ ಗಲಾಟೆ ಮಾಡೇ ಹೋಗೋದು ಅದು."

ತಕಿಯಾ ಅವನ ಕಾಲ ಹತ್ತಿರ ಕೂತಳು. ಗಂಧಕ, ತುಪ್ಪ, ಉಣ್ಣೆ, ಇವುಗಳ ವಾಸನೆ ಐದು ದಿನದಿಂದ ಇದ್ದದ್ದೇ. ಅವುಗಳ ಅಡಿಯಲ್ಲಿ ಇನ್ನೊಂದು ವಾಸನೆ ಇತ್ತು. ಒಲೆಯ ಕೆಂಡ ಬಿದ್ದ ದಿನದ್ದು.

"ಬಿಚ್ತೀನಿ," ಎಂದಳು.

"ಲೆಕ್ಕ ಕೆಡುತ್ತೆ ಅತ್ತಿಗೆ. ಇನ್ನೆರಡೇ ದಿನ."

ಅವಳು ಬಿಚ್ಚಿದಳು. ಮೊದಲ ಸುತ್ತು ಬಂತು, ಎರಡನೆಯದು ಬಂತು. ಮೂರನೆಯ ಸುತ್ತಿನ ಜೊತೆಗೆ ಪಾದದ ಚರ್ಮ, ಒದ್ದೆ ಕಾಲುಚೀಲ ಕಳಚಿದ ಹಾಗೆ, ಹಿಮ್ಮಡಿಯಿಂದ ಬೆರಳಿನ ತನಕ ಒಟ್ಟಿಗೇ ಕಳಚಿ ಬಂತು. ಹಿಝಾಮ್ ಕಣ್ಣು ತೆರೆದು ಮಾಡು ನೋಡುತ್ತಿದ್ದ. "ಯಾಕೆ ಸುಮ್ಮನಾದ್ರಿ?" ಎಂದು ಕೇಳಿದ. ಅವನಿಗೆ ಏನೂ ಗೊತ್ತಾಗಿರಲಿಲ್ಲ.

ಶಾಯಿಫ್ ವರ್ದಾಳನ್ನು ಕರೆಯಲು ಓಡಿದ.

ವರ್ದಾ ಬಂದು ಹೊಸ್ತಿಲಲ್ಲಿ ನಿಂತಳು. ನೋಡಿದಳು.

"ನಾನು ಕೇಳಿದ್ದೆ ಮಗಳೇ."

"ಕೇಳಿದ್ರಿ ಅಜ್ಜಿ."

"ನೀನು ಸ್ತುತಿ ಹೇಳ್ದೆ."

"ಹೇಳ್ದೆ."

ಮುದುಕಿ ಒಳಗೆ ಬಂದು ತನ್ನ ತಲೆಯ ಬಿಳಿಬಟ್ಟೆಯನ್ನು ತೆಗೆದು ಆ ಕಾಲಿನ ಮೇಲೆ ಹೊದಿಸಿದಳು. "ಇನ್ನೊಂದು ಸಲ ಕೇಳ್ಬೇಕಿತ್ತು ನಾನು," ಎಂದಳು. "ಅರವತ್ತು ವರ್ಷದಿಂದ ಈ ಬಾಗಿಲಲ್ಲಿ ಕೂತಿದ್ದೀನಿ. ಯಾರನ್ನೂ ಎರಡು ಸಲ ಕೇಳಿಲ್ಲ."

ಪಿಕಪ್ಪು ಸಿಗುವಷ್ಟರಲ್ಲಿ ಮಧ್ಯಾಹ್ನವಾಯಿತು. ಪಟ್ಟಣದ ಆಸ್ಪತ್ರೆ ಸೇರುವಷ್ಟರಲ್ಲಿ ಮರುದಿನದ ಬೆಳಕು ಹರಿದಿತ್ತು. ವೈದ್ಯರು ಹೊಸಬರು, ಎಳೆಯ ವಯಸ್ಸಿನವರು. ಕಾಲನ್ನು ನೋಡಿ, "ಸುಡುವಾಗ ಗೊತ್ತಾಗಲಿಲ್ವಾ? ಕಾಲಿಗೆ ಸ್ಪರ್ಶ ಇತ್ತಾ?" ಎಂದು ಕೇಳಿದರು.

ಹಿಝಾಮನ ಒಣಗಿದ ತುಟಿ ಅಲ್ಲಾಡಿತು. "ಅಲ್ಲಾಹನಿಗೆ..."

"ಇಲ್ಲ," ಎಂದಳು ತಕಿಯಾ. "ಎರಡು ವರ್ಷದಿಂದ ಏನೂ ಗೊತ್ತಾಗಲ್ಲ ಅವರಿಗೆ."

ಅವನು ಮುಖವನ್ನು ಗೋಡೆಯ ಕಡೆ ತಿರುಗಿಸಿಕೊಂಡ. ಬೆರಳು ಎರಡೇ ತೆಗೆಯಬೇಕಿದ್ದ ಕಾಲನ್ನು ಆ ಸಂಜೆಯೇ ಮೊಣಕಾಲಿನ ಮೇಲಿನಿಂದ ಕತ್ತರಿಸಿ ತೆಗೆದರು.

ಮೂರು ದಿನ ಕಳೆದ ಮೇಲೆ ಶಾಯಿಫ್ ಅಣ್ಣನನ್ನು ನಗಿಸಲು ನೋಡಿದ. "ನಾನು, ಚಿಕ್ಕಪ್ಪನ ಮಕ್ಕಳು, ನಾಲ್ಕು ಜನ ಸಾಕು. ಮಂಚದ ಮೇಲೆ ಕೂರಿಸ್ಕೊಂಡು ಮುನ್ನೂರ ಹನ್ನೆರಡೂ ಹತ್ತಿಸಿಬಿಡ್ತೀವಿ. ಸುಲ್ತಾನನ ಹಾಗೆ."

"ಆ ಮೆಟ್ಟಿಲ ಮೇಲೆ ಹೊತ್ಕೊಂಡು ಹೋಗೋದು ಇಬ್ಬರನ್ನೇ," ಎಂದ ಹಿಝಾಮ್. "ಮದುಮಗಳನ್ನ, ಹೆಣವನ್ನ. ನಾನು ಮದುಮಗಳಲ್ಲ." ಆಮೇಲೆ ಮನೆಯ ಮಾತು ಯಾರೂ ಎತ್ತಲಿಲ್ಲ. ಶಾಯಿಫ್ ಕೆಳಗಿನ ಸಂತೆಯಲ್ಲಿ ಒಂದು ಕೋಣೆ ನೋಡಿ ಬರಲು ಹೋದ.

ತಕಿಯಾ ಮಂಚದ ಪಕ್ಕ ನೆಲದ ಮೇಲೆ ಕೂತಿರುತ್ತಿದ್ದಳು. ಬಾಯಿ ತಾನಾಗಿ ಆ ಪ್ರಾರ್ಥನೆಯನ್ನು ಹೇಳಿಕೊಳ್ಳುತ್ತಿತ್ತು. ಐವತ್ತು ವರ್ಷದ ರೂಢಿ, ಬೇಡವೆಂದರೂ ನಿಲ್ಲದು. ಇಪ್ಪತ್ತೊಂದಕ್ಕೆ ಬಂದಾಗ ಮಾತ್ರ ನಿಂತಿತು. ತಣ್ಣೀರಿನ ಬಾಗಿಲು. ಪದ್ಯ ತಣ್ಣೀರು ಎಂದೇ ಹೇಳುತ್ತಿತ್ತು. ತಾಯಿಯ ಬಾಯಲ್ಲಿ ಕೇಳಿದಾಗಲೂ ಹಾಗೇ, ಆ ಗುಮ್ಮಟದ ತೂತಿನಲ್ಲಿ ಕೇಳಿದಾಗಲೂ ಹಾಗೇ. ಅವಳು ಇಪ್ಪತ್ತೊಂದನೆಯ ಕಾಳನ್ನು ಸರಿಸಿದ್ದಳು, ಅಷ್ಟೇ. ಆಮೇಲೆ ಅವಳಿಗೆ ಇಪ್ಪತ್ತೆರಡನೆಯದಕ್ಕೆ ಹೋಗಲು ಆಗಲಿಲ್ಲ. ಮತ್ತೆ ಒಂದರಿಂದ ಶುರುಮಾಡುವಳು, ಮತ್ತೆ ಅಲ್ಲಿಗೇ ಬಂದು ನಿಲ್ಲುವಳು.

ನಾಲ್ಕನೆಯ ದಿನ ಎದುರಿನ ಮಂಚಕ್ಕೆ ಹೊಸ ರೋಗಿ ಬಂದ. ಗೋಣಿ ಹೊರುವವನು, ದಪ್ಪ ಮೀಸೆ, ಬಲಗಾಲಿನ ಹೆಬ್ಬೆರಳು ಕಪ್ಪು. ಅವನ ಹೆಂಡತಿ ನಸೀಬಾ ಮಾತುಗಾತಿ, ಬಂದ ಗಳಿಗೆಯಿಂದ ಎಲ್ಲರ ಕಷ್ಟವನ್ನೂ ವಿಚಾರಿಸಿದಳು. ಹಿಝಾಮನ ಹೊದಿಕೆ ಒಂದು ಕಡೆ ಚಪ್ಪಟೆಯಾಗಿ ಬಿದ್ದಿದ್ದನ್ನು ನೋಡಿ ನಾಲಿಗೆ ಲೊಚಗುಟ್ಟಿದಳು.

"ಕತ್ತರಿಸೋಕೆ ಯಾಕೆ ಬಿಟ್ರಿ ಅಕ್ಕಾ? ಇವರಿಗೂ ಹೆಬ್ಬೆರಳು ತೆಗೀಬೇಕು ಅಂದ್ರು ಇಲ್ಲಿ. ನಾವು ಬಿಡಲ್ಲ. ನಾಳೆ ಬೆಳಿಗ್ಗೆ ಜುರೈಬಕ್ಕೆ ಹೊರಡ್ತೀವಿ. ಅಲ್ಲಿ ಮೊನ್ನೆ ಒಬ್ಬ ಕಲ್ಲು ಕಟ್ಟೋನು ಮೂವತ್ತಮೂರೂ ಪದ್ಯ ಅತ್ತೆ ಒಳಗೆ ಕೂತಿದ್ನಂತೆ. ಎದ್ದೋನೇ ಕೋಲು ಅಲ್ಲೇ ಬಿಟ್ಟು ನಡ್ಕೊಂಡು ಹೋದ್ನಂತೆ. ಅಂಥ ತಾಳ್ಮೆಗೆ ದೇವರು ಕೊಡದೆ ಇರ್ತಾನಾ? ನನ್ನ ಮೈದುನ ಆ ಕೋಲನ್ನ ಕೈಯಲ್ಲಿ ಮುಟ್ಟಿ ಬಂದಿದ್ದಾನೆ."

ತಕಿಯಾ ಮಂಚದ ಕಡೆ ನೋಡಲಿಲ್ಲ. ನೋಡದಿದ್ದರೂ ಗಂಡ ಉಸಿರು ಬಿಗಿಹಿಡಿದದ್ದು ಅವಳಿಗೆ ತಿಳಿಯಿತು.

"ನಿಮ್ಮ ಯಜಮಾನರ ಕಾಲಿಗೆ ಬಿಸಿ ತಣ್ಣಗೆ ಗೊತ್ತಾಗುತ್ತಾ ತಂಗಿ?"

"ಅಲ್ಲಾಹನಿಗೆ ಸ್ತುತಿ ಅಕ್ಕಾ."

ಕೋಣೆಯಲ್ಲಿದ್ದವರೆಲ್ಲ ಮೆಲ್ಲಗೆ "ಅವನಿಗೇ" ಎಂದರು. ಮಾತು ಅಲ್ಲಿಗೆ ಮುಗಿಯಬೇಕಿತ್ತು.

"ಅದಲ್ಲ ನಾನು ಕೇಳಿದ್ದು," ಎಂದಳು ತಕಿಯಾ. "ಗೊತ್ತಾಗುತ್ತೋ ಇಲ್ವೋ?"

ನಸೀಬಾಳ ಮುಖ ಬಿಗಿದುಕೊಂಡಿತು. ಪಕ್ಕದ ಮಂಚದ ಮುದುಕ ತಲೆ ಎತ್ತಿ ನೋಡಿದ.

"ಸ್ತುತಿ ಹೇಳಿದ ಮೇಲೆ ಇದೆಂಥ ಪ್ರಶ್ನೆ ಅಕ್ಕಾ? ನಿಮ್ಮ ಮನೆಗೆ ಬಂದದ್ದು ನಮ್ಮ ಮನೆಗೂ ಬರ್ಲಿ ಅಂತಾನಾ?"

"ಆ ಕಲ್ಲು ಕಟ್ಟೋನು ಇವರೇ ತಂಗಿ. ಆ ಕೋಲು ಇವರದ್ದೇ. ಕಾಲು ಬೆಂದುಹೋಗಿದ್ದು ಆ ನೀರಲ್ಲೇ. ಗೊತ್ತಾಗ್ತಿರಲಿಲ್ಲ ಇವರಿಗೆ, ಅದಕ್ಕೇ ಅಷ್ಟು ಹೊತ್ತು ಕೂತಿದ್ದು."

ನಸೀಬಾ ಮಂಚದ ಕಡೆ ತಿರುಗಿದಳು. ಅವಳ ಗಂಡನೂ ತಿರುಗಿದ. ಗೋಣಿ ಹೊತ್ತು ಅಗಲವಾದ ಅವನ ಪಾದ ಹೊದಿಕೆಯ ಹೊರಗೆ ಇತ್ತು. ಅದರ ಮೇಲೆ ಒಂದು ನೊಣ ಕೂತು ಹಿಂದೆ ಮುಂದೆ ಓಡಾಡುತ್ತಿತ್ತು. ಅವನು ಕಾಲು ಒದರಲಿಲ್ಲ.

"ನಾನಲ್ಲ ತಂಗಿ," ಎಂದ ಹಿಝಾಮ್. ದನಿ ಮೆತ್ತಗಿತ್ತು, ಮರ್ಯಾದೆಯಿಂದ ಕೂಡಿತ್ತು. "ನಾನು ಜುರೈಬ ಕಂಡೋನೇ ಅಲ್ಲ. ಇವಳು ನಿದ್ದೆ ಮಾಡಿ ಮೂರು ದಿನ ಆಯ್ತು. ಮನಸ್ಸಿಗೆ ಹಚ್ಕೋಬೇಡಿ."

ನಸೀಬಾಳ ಮುಖ ಸಡಿಲಾಯಿತು. ಅವಳು ಎದ್ದು ಬಂದು ತಕಿಯಾಳ ತಲೆ ನೇವರಿಸಿ, ಕೆಟ್ಟ ದೃಷ್ಟಿ ತಾಗದಿರಲೆಂದು ಏನೋ ಮಣಮಣಿಸಿದಳು. ಮರುದಿನ ಬೆಳಗಿನ ನಮಾಜು ಮುಗಿಯುತ್ತಲೇ ಗಂಡನನ್ನು ಎಬ್ಬಿಸಿಕೊಂಡು ಹೊರಟಳು. ತಕಿಯಾ ಬಾಗಿಲ ತನಕ ಅವರ ಹಿಂದೆ ಹೋದಳು, ಸೆರಗು ಹಿಡಿದಳು. ನಸೀಬಾ ಮಕ್ಕಳ ಕೈ ಬಿಡಿಸಿಕೊಳ್ಳುವ ಹಾಗೆ ಮೃದುವಾಗಿ ಬಿಡಿಸಿಕೊಂಡು ಹೋದಳು. ಹೊರಗೆ ಪಿಕಪ್ಪು ಶುರುವಾದ ಸದ್ದು ಕೇಳಿಸಿತು.

ತಕಿಯಾ ಮರಳಿ ಬಂದಾಗ ಹಿಝಾಮ್ ಎಚ್ಚರವಾಗಿದ್ದ. ಇಬ್ಬರೂ ಒಬ್ಬರನ್ನೊಬ್ಬರು ನೋಡಲಿಲ್ಲ.

"ಕೂತಿದ್ದು ಸುಳ್ಳಲ್ವಲ್ಲ," ಎಂದ ಅವನು. "ಮೂವತ್ತಮೂರೂ ಕೂತಿದ್ದೆ. ನೀನೇ ಎಣಿಸಿದೀಯ."

"ಎಣಿಸಿದೀನಿ," ಎಂದಳು ತಕಿಯಾ, ಮತ್ತೆ ನೆಲದ ಮೇಲೆ ಕೂತು, ಒಂದರಿಂದ ಶುರುಮಾಡಿದಳು.